ಫ್ಲಾರೆನ್ಸ್ ಮೇಜಿನ ಹಕ್ಕಿ

ಈ ಸಲ ಹೋಗಿದ್ದು ಹಕ್ಕಿಯ ಕಣ್ಣು.

ಮುನೀರ್ ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿ ನೋಡಿದ. ಕಪ್ಪು ಅಮೃತಶಿಲೆಯ ಮೇಜು, ಅದರಲ್ಲಿ ಬಣ್ಣದ ಕಲ್ಲಿನ ಚೂರುಗಳನ್ನು ಕೂರಿಸಿ ಮಾಡಿದ ದಾಳಿಂಬೆಯ ಕೊಂಬೆ, ಅದರ ಮೇಲೊಂದು ನೀಲಿ ಹಕ್ಕಿ. ನಿನ್ನೆ ಸಂಜೆ ತಾನೇ ಕೂರಿಸಿದ್ದ ಹೆಸರುಕಾಳಿನಷ್ಟು ಕೆಂಪು ಕಲ್ಲಿನ ಜಾಗದಲ್ಲಿ ಬರೀ ಗುಳಿಯಿತ್ತು. ಸುತ್ತ ಒಂದು ಗೀರೂ ಇಲ್ಲ. ಕಲ್ಲನ್ನು ಹಿಡಿದಿಟ್ಟಿದ್ದ ಮೇಣವನ್ನು ಹದವಾಗಿ ಬಿಸಿ ಮಾಡಿ, ಯಾರೋ ನಾಜೂಕಾಗಿ ಎತ್ತಿದ್ದರು.

ಎರಡು ತಿಂಗಳಲ್ಲಿ ಇದು ನಾಲ್ಕನೆಯದು. ಮೊದಲು ಒಂದು ಎಲೆ, ಆಮೇಲೆ ರೆಕ್ಕೆಯ ಗರಿ, ಆಮೇಲೆ ದಾಳಿಂಬೆಯ ಕಾಳು. ಪ್ರತಿ ಸಲವೂ ಅದೇ ಬಣ್ಣದ ಕಲ್ಲು ಹುಡುಕಿ, ತಂತಿಗರಗಸದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಕೊಯ್ದು ಕೂರಿಸಲು ಎರಡು ವಾರ ಬೇಕು.

ಮುನೀರನ ಮನೆತನದವರು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೀಟೆಮರದಲ್ಲಿ ಚಿತ್ರ ಕೂರಿಸುತ್ತಿದ್ದವರು. ಮರದಿಂದ ಕಲ್ಲಿಗೆ ಬಂದವನು ಅವನೊಬ್ಬನೇ. ಅಮೆರಿಕದ ಜಾರ್ಜಿಯಾದ ಕಮ್ಮಿಂಗ್‌ನಲ್ಲಿ ಹಳೆಯ ಇಟಾಲಿಯನ್ ಮೇಜುಗಳನ್ನು ರಿಪೇರಿ ಮಾಡುವ ಗೋಪಿನಾಥರ ಬಳಿ ಒಂಬತ್ತು ವರ್ಷದಿಂದ ಇದ್ದ. ಒಂಬತ್ತು ವರ್ಷದಲ್ಲಿ ಒಂದು ಚೂರೂ ಕಳೆದಿರಲಿಲ್ಲ.

ವರ್ಕ್‌ಶಾಪಿನ ಕೀಲಿ ಇದ್ದದ್ದು ಗೋಪಿನಾಥರು, ಮುನೀರ್, ಸೌರಭ್ ಮೂವರ ಬಳಿ. ಮೂರನೆಯ ಕಲ್ಲು ಹೋದಾಗ ಪ್ಯಾಕಿಂಗ್ ನೋಡಿಕೊಳ್ಳುವ ಸೌರಭ್‌ನ ಮೇಲೆ ಮುನೀರನಿಗೆ ಅನುಮಾನ ಬಂತು. ಎಲ್ಲರ ಎದುರೇ ಕೇಳಿಬಿಟ್ಟ. ಸೌರಭ್ ತನ್ನ ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದವನು ಮತ್ತೆ ಬರಲಿಲ್ಲ. ಅವನು ಹೋಗಿ ಹತ್ತು ದಿನಕ್ಕೆ ಹಕ್ಕಿಯ ಕಣ್ಣು ಹೋಗಿತ್ತು.

ಸುದ್ದಿ ಹೇಳಿದಾಗ ಗೋಪಿನಾಥರು ಸಿಟ್ಟಾಗಲಿಲ್ಲ. ಪೊಲೀಸರಿಗೆ ಹೇಳೋಣವೆಂದರೆ ಬೇಡವೆಂದರು.

"ಇನ್ನೊಂದು ಮಾಡಿ, ಮುನೀರ್ ಭಾಯ್. ಅರ್ಜೆಂಟ್ ಏನಿಲ್ಲ." ಸ್ವಲ್ಪ ತಡೆದು ಕೇಳಿದರು, "ಹಮೀದಾ ಅವರ ಆಪರೇಷನ್ ಡೇಟ್ ಯಾವತ್ತು ಅಂದ್ರಿ?"

"ಅಕ್ಟೋಬರ್ ಹತ್ತೊಂಬತ್ತು, ಸರ್."

ಅವರು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು. ಮುನೀರನ ಕಿವಿ ಬಿಸಿಯಾಯಿತು. ಹೆಂಡತಿ ಹಮೀದುನ್ನೀಸಾಳ ಹೃದಯದ ಕವಾಟ ಬದಲಿಸಬೇಕಿತ್ತು. ವರ್ಷ ಕಾದು ಸಿಕ್ಕಿದ್ದ ತಾರೀಕು ಅದು. ಆಸ್ಪತ್ರೆಯ ಖರ್ಚಿಗಾಗಿ ತಾನೇ ಕಲ್ಲು ಕದಿಯುತ್ತಿರಬೇಕೆಂದು ಯಜಮಾನರು ಅನುಮಾನಿಸಿದ್ದಾರೆ ಎಂದುಕೊಂಡ. ಕಾರ್ಖಾನೆಯಲ್ಲಿ ಮೇಣದ ಹದ ಗೊತ್ತಿರುವವರು ಇಬ್ಬರೇ: ಕೆಲಸ ಕಲಿಸಿದ ಅವರು, ಕಲಿತ ತಾನು.

ಆ ವಾರವೇ ಮೇಜಿನ ಒಡತಿಯ ಏಜೆಂಟ್ ಚಾರ್ಲ್ಸ್‌ಟನ್‌ನಿಂದ ಮುನೀರನಿಗೆ ಫೋನ್ ಮಾಡಿ, ಮೇಜು ಇನ್ನೂ ತಡವಾದರೆ ನಿಮ್ಮಲ್ಲೊಬ್ಬ ಕಳ್ಳನಿದ್ದಾನೆಂದು ಎಲ್ಲರಿಗೂ ಹೇಳಬೇಕಾಗುತ್ತದೆ ಎಂದ. ಮುನೀರ್ ಮನೆಗೆ ಬಂದು ಊಟ ಮಾಡಲಿಲ್ಲ. ಹಮೀದುನ್ನೀಸಾ ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ಕೂತು, ದೇವರಿಗೆ ಗೊತ್ತಿದ್ದರೆ ಸಾಕು ಬಿಡಿ ಎಂದಳು. ಅವನಿಗೆ ಅದು ಸಾಕೆನಿಸಲಿಲ್ಲ.

ಯಾರಿಗೂ ಹೇಳದೆ, ರಾತ್ರಿಗಳಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಹಕ್ಕಿಯ ಕಣ್ಣಿಗೆ ಹೊಸ ಕಲ್ಲು ಕೊಯ್ದ. ಬುಧವಾರ ಗೋಪಿನಾಥರು ಲಾಯರನ್ನು ನೋಡಲು ಅಟ್ಲಾಂಟಾಗೆ ಹೋದ ದಿನ, ಬೆಳಿಗ್ಗೆಯೇ ಅದನ್ನು ಕೂರಿಸಿ, ಉಜ್ಜಿ ಹೊಳಪು ಕೊಟ್ಟ. ಹಕ್ಕಿ ಅವನನ್ನೇ ನೋಡಿತು. ಮೊದಲೇ ಹೇಳಿಟ್ಟಿದ್ದಂತೆ ಮಧ್ಯಾಹ್ನ ಏಜೆಂಟನ ಟ್ರಕ್ ಬಂತು. ಅವನು ಭೂತಗನ್ನಡಿ ಹಿಡಿದು ಅರ್ಧ ಗಂಟೆ ಪರೀಕ್ಷಿಸಿ, ಸಹಿ ಹಾಕಿ, ಮುನೀರನ ಕೈ ಕುಲುಕಿ ಮೇಜನ್ನು ಒಯ್ದ.

ಗೋಪಿನಾಥರು ನಾಲ್ಕು ಗಂಟೆಗೆ ಬಂದರು. ಖಾಲಿ ಸ್ಟ್ಯಾಂಡಿನ ಎದುರು ನಿಂತುಬಿಟ್ಟರು.

"ಡೆಲಿವರಿ ಕೊಟ್ಟೆ, ಸರ್," ಎಂದ ಮುನೀರ್. ತಿಂಗಳುಗಳ ನಂತರ ಅವನ ಬೆನ್ನು ನೆಟ್ಟಗಾಗಿತ್ತು. "ಇನ್ನು ಯಾರೂ ನನ್ನನ್ನ ಕಳ್ಳ ಅನ್ನೋ ಹಾಗಿಲ್ಲ."

ಗೋಪಿನಾಥರು ಸ್ಟೂಲು ಎಳೆದುಕೊಂಡು ಕೂತರು. ವರ್ಕ್‌ಶಾಪನ್ನು ಜೂನ್‌ನಲ್ಲೇ ಮಾರಿದ್ದಾಗಿ ಹೇಳಿದರು. ಕೈಯಲ್ಲಿರುವ ಕೊನೆಯ ಕೆಲಸ ಹೊರಗೆ ಹೋಗುವವರೆಗೆ ಮಾತ್ರ ಬಾಗಿಲು ತೆರೆದಿರಬಹುದೆಂದು ಕರಾರಾಗಿತ್ತು. ಕೊನೆಯ ಕೆಲಸ ಹೋದ ಮೇಲೂ ಸ್ವಲ್ಪ ದಿನ ತೆರೆದಿಡಲು ಬಿಡಿ ಎಂದು ಕೇಳಲು ಇವತ್ತೂ ಲಾಯರ್ ಬಳಿ ಹೋಗಿದ್ದರು, ಕೊಳ್ಳುವವರು ಒಪ್ಪಲಿಲ್ಲ. ಮೇಜು ಹೋದದ್ದರಿಂದ ಇನ್ನು ಈ ಸೆಪ್ಟೆಂಬರ್ ಮೂವತ್ತಕ್ಕೇ ಕೆಲಸ ನಿಲ್ಲುತ್ತದೆ, ಅದರ ಜೊತೆ ಕೆಲಸದ ಮೇಲೆ ಸಿಕ್ಕಿದ್ದ ಆರೋಗ್ಯದ ಇನ್ಶೂರೆನ್ಸೂ ನಿಲ್ಲುತ್ತದೆ. ಅದಿಲ್ಲದೆ ಆಸ್ಪತ್ರೆಯವರು ಹಮೀದುನ್ನೀಸಾಳನ್ನು ಸೇರಿಸಿಕೊಳ್ಳುವುದಿಲ್ಲ.

"ಹತ್ತೊಂಬತ್ತರವರೆಗೆ ಮೇಜು ಮುಗೀಬಾರದು ಅಂತ ಆ ಕಲ್ಲುಗಳನ್ನ ಕೀಳ್ತಾ ಇದ್ದದ್ದು ನಾನೇ, ಮುನೀರ್ ಭಾಯ್."