ಕುಕ್ಕರಿನ ಮೂರನೇ ಸೀಟಿ

ನೆನಪು ಮಾರುವ ಅಂಗಡಿಯನ್ನು ಅಮೆರಿಕದಲ್ಲಿ ಮೊದಲು ತೆರೆದವರು ಧಾರವಾಡದಿಂದ ಹೋದ ಶ್ರೀಪಾದ ಹುಕ್ಕೇರಿ. ಬೋಣಿಗೆಂದು ಅಂದು ತಮ್ಮದೇ ಒಂದು ನೆನಪನ್ನು ಮಾರಿದ್ದರು; ಮಾರಿದ್ದು ಕೊಂಡವರ ತಲೆಗೆ ಹೋಗುತ್ತದೆ, ಮಾರಿದವರ ತಲೆಯಲ್ಲಿ ಉಳಿಯುವುದಿಲ್ಲ. ಈಗ ಅವರು ಹೊಸ ಕಂಪನಿಗಳಿಗೆ ಬಂಡವಾಳ ಹಾಕುತ್ತಾರೆ, ಅದೂ ಕಷ್ಟ ಕಂಡವರಿಗೆ ಮಾತ್ರ.

ಬಂಡವಾಳ ಕೇಳಲು ಬಂದ ಕ್ಲೋಯಿ ಅಮೆರಿಕದಲ್ಲೇ ಹುಟ್ಟಿ ಬೆಳೆದವಳು. ಆದರೂ ಅಚ್ಚ ಧಾರವಾಡದ ಕನ್ನಡದಲ್ಲಿ ಕಣ್ಣೊರೆಸಿಕೊಂಡು ಹೇಳಿದಳು: “ಈ ದೇಶಕ್ಕ ಬಂದ ಮರುದಿನ ಅವ್ವ ಕೊಟ್ಟ ಕುಕ್ಕರ್ ಇಟ್ಟೆರಿ. ಮೂರನೇ ಸೀಟಿಗೆ, ಬೆಂಕಿ ಹತ್ತೇತಂತ ಬಿಲ್ಡಿಂಗಿನ ಮಂದಿಯೆಲ್ಲಾ ಹೊರಗ ಓಡಿದ್ರು. ಯಾಕಂತ ತಿಳೀದ ನಾನೂ ಓಡಿದೆ. ಅನ್ನ ಹೊತ್ತಿ ಹೋತು.”

ಹುಕ್ಕೇರಿಯವರು ಬಂಡವಾಳದ ಪತ್ರ ಎಳೆದುಕೊಂಡರು. ತಕ್ಷಣ ಸಹಿ ಹಾಕಿದರು.

“ನೀ ಖರೇನ ಕಷ್ಟಾ ಕಂಡಾಕಿ. ನಾ ಆರಾಮ ಬಂದಾಂವ. ನಮ್ಮವ್ವ ಒಂದು ಕುಕ್ಕರ್ ಸುದ್ದಾ ಕೊಟ್ಟು ಕಳಸಲಿಲ್ಲ ನೋಡವಾ.”