ಶೈಲಶ್ರೀ ಕೊಟ್ಟ ಚಹಾ

ಶೈಲಶ್ರೀ ಕೊಟ್ಟ ಚಹಾವನ್ನು ವರನ ತಾಯಿ ಕುಡಿಯದೆ ಕೆಳಗಿಟ್ಟರು. "ಅಂದ್ರ ದಿನಾ ಕಸದಾಗ ಕೈ ಹಾಕ್ತೀ ಏನವಾ?"

"ಹೌದ್ರಿ. ಹೋಟೆಲಿನ ಹಸಿ ಕಸದಿಂದ ಗೊಬ್ಬರ ಮಾಡ್ತೀವಿ. ನಾನೇ ಬೇಕಂತ ಆರಿಸ್ಕೊಂಡ ಕೆಲಸ."

"ಮದುವಿ ಆದಮ್ಯಾಲೆ ಬಿಡಬೇಕು. ಇಂಥಾ ಕೈಲೆ ಅಡಗಿ ಮಾಡೂದು ನಮ್ಮ ಮನ್ಯಾಗ ನಡಿಯೂದಿಲ್ಲ."

ಶೈಲಶ್ರೀ ಅವ್ವನ ಕಡೆ ನೋಡಲಿಲ್ಲ. ಬ್ಯಾಂಕಿನ ನೌಕರಿ ಬೇಡವೆಂದ ಮಗಳ ಮೇಲೆ ಶಿವಗಂಗವ್ವನಿಗೆ ಎರಡು ವರ್ಷದಿಂದ ಸಿಟ್ಟಿತ್ತು. ಅವಳೇನು ಮಾಡುತ್ತಾಳೆಂದು ನೆರೆಯವರಿಗೂ ಹೇಳಿರಲಿಲ್ಲ.

ಆದರೆ ಶಿವಗಂಗವ್ವ ಈಗ ಎದ್ದು ಬಂದು, ಅತಿಥಿಗಳ ಮುಂದಿದ್ದ ಕಪ್ಪುಗಳನ್ನೆಲ್ಲ ಎತ್ತಿಕೊಂಡಳು.

"ಪುಣೆದಾಗ ನಿಮ್ಮ ಮಗರಪಟ್ಟಾದ ಫ್ಲ್ಯಾಟಿನ ಕಸಾ ಎಲ್ಲಿಗೆ ಹೋಗ್ತದ ಅಂತ ಒಂದ ದಿನಾನರ ಕೇಳೀರೇನ್ರಿ? ಅದನ್ನ ಯಾರರ ಮುಟ್ಟಲೇಬೇಕಲ್ಲ! ನನ್ನ ಮಗಳು ಕೆಲಸಾ ಬಿಡೂದಿಲ್ಲ. ನೀವಿನ್ನ ಹೊಂಡ್ರಿ."