ಬಯಲಿನಲ್ಲಿ ಸನ್ಮಾನ

ಸಭಾಭವನ ಸಿಗದೆ ಕಾಂಪೌಂಡರ್ ಹಾಲಪ್ಪನವರ ಸನ್ಮಾನವನ್ನು ಬಯಲಿನಲ್ಲಿ ಇಟ್ಟುಕೊಂಡದ್ದೇ ತಪ್ಪಾಯಿತು. ಹೊಗಳಿದಷ್ಟೂ ಮನುಷ್ಯ ಮೇಲೇಳುತ್ತಾನೆ. ತಡೆಯಲು ಇಲ್ಲಿ ಸೂರೇ ಇರಲಿಲ್ಲ. ಪದ್ಧತಿಯಂತೆ ಹಣ್ಣಿನ ಬುಟ್ಟಿಯ ತಳಕ್ಕೆ ಕಲ್ಲು ತುಂಬಿ ಅವರ ಮಡಿಲಲ್ಲಿಟ್ಟು, ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹೆಂಡತಿ ಚಿಕ್ಕತಾಯಮ್ಮನ ಕೈಗೆ ಕೊಟ್ಟಿದ್ದರು.

ಅಧ್ಯಕ್ಷರು “ದೇವರಂಥ ಮನುಷ್ಯ” ಎಂದದ್ದೇ ತಡ, ಬುಟ್ಟಿ ಉರುಳಿತು. ಹಾಲಪ್ಪ ಶಾಲು, ಪೇಟ ಸಮೇತ ತೆಂಗಿನ ಮರ ದಾಟಿದರು. ಹಗ್ಗ ಹೆಂಡತಿಯ ಅಂಗೈ ಸುಡುತ್ತಾ ಜಾರತೊಡಗಿತು. ಇಂಥ ಹೊತ್ತಿಗೆಂದೇ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸುವುದು; ಬೈದು ಇಳಿಸಲು ಆಕೆಯಷ್ಟು ಬಲ್ಲವರು ಯಾರು?

“ಬೈಯೇ, ಬೇಗ ಬೈಯೇ!” ಹಾಲಪ್ಪ ಮೇಲಿನಿಂದ ಕೂಗಿದರು.

ಚಿಕ್ಕತಾಯಮ್ಮ ಇಡೀ ಸಂಸಾರವನ್ನು ನೆನಪಲ್ಲೇ ತಡಕಾಡಿದರು.

“ಏನಂತ ಬೈಲಿ ರೀ? ನಿಮ್ದು ಒಂದು ತಪ್ಪೂ ನೆನಪಾಗ್ತಿಲ್ವಲ್ಲಾ!”

ಆ ಮಾತಿಗೆ ಹಗ್ಗದ ತುದಿ ಆಕೆಯ ಕೈ ಬಿಟ್ಟು ಮೇಲೇರಿತು.